ಕರೆಂಟು ಹೋದಾಗ ಹಾಡು ಹಾಕಿದ ಮುರಿಗೆಪ್ಪ

ಹೇಗೂ ಕರೆಂಟು ಹೋಗಿದೆ, ಬನ್ನಿ, ಕೂತುಕೊಳ್ಳಿ. ಬರುವ ತನಕ ಹೇಳುತ್ತೇನೆ. ಬಹಳ ಹಿಂದೆ, ಇದೇ ದಾರಗೇರಿ ಅನ್ನುವ ಊರಿನಲ್ಲಿ ನಡೆದದ್ದು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನನಗೆ ಹೇಳಿದ ನಮ್ಮವ್ವ ನಿಂಬೆವ್ವನಿಗೇ ಅದು ನೆನಪಿರಲಿಲ್ಲ. ನಾನು ಆಗ ಅವಳ ಹೊಟ್ಟೆಯಲ್ಲಿದ್ದೆನಂತೆ. ಹಾಗಾಗಿ ನಾನೂ ಅಲ್ಲಿದ್ದೆ ಅಂತಲೇ ಅನ್ನಿ.

ಆಗಲೂ ಊರಿನ ತುಂಬ ಕರೆಂಟಿನ ಮಗ್ಗ. ಬೆಳಗಾದರೆ ಖಟಕ್ ಖಟಕ್ ಶುರುವಾಗಿ ದೀಪ ಹಚ್ಚುವ ಹೊತ್ತಿನವರೆಗೂ ನಿಲ್ಲುತ್ತಿರಲಿಲ್ಲ. ಆ ಸಪ್ಪಳದಲ್ಲಿ ಮಾತು ಕೇಳುವುದಿಲ್ಲವಲ್ಲ, ಅದಕ್ಕೇ ಮಗ್ಗದ ಮನೆಯಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಊಟ ಆಯಿತಾ ಅನ್ನುವುದರಿಂದ ಹಿಡಿದು ಅತ್ತೆಯ ಮೇಲಿನ ಚಾಡಿಯವರೆಗೂ ಎಲ್ಲ ಕೈಯಲ್ಲೇ.

ಆ ಊರಿನಲ್ಲಿ ಮುರಿಗೆಪ್ಪ ಅಂತ ಒಬ್ಬ ನೇಕಾರ ಇದ್ದನಂತೆ. ಇಪ್ಪತ್ತೈದು ವರ್ಷ ಮಗ್ಗದ ಮುಂದೆ ನಿಂತು ನಿಂತು ಅವನ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಹೋಗುವ ದಾರಿಯಲ್ಲಿತ್ತು. ದನಿ ಮಾತ್ರ ಬೆಣ್ಣೆ. ನೇಕಾರರ ಸಂಘದವರು ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಸಣ್ಣದೊಂದು ರೇಡಿಯೋ ಕೇಂದ್ರ ಇಟ್ಟಾಗ, ಹಾಡು ಹಾಕಿ ನಡುವೆ ನಾಲ್ಕು ಮಾತಾಡುವ ಕೆಲಸಕ್ಕೆ ಅವನನ್ನೇ ಕೂರಿಸಿದರು. ಕಿವುಡನ ಕೈಗೆ ರೇಡಿಯೋ ಕೊಟ್ಟರು ಅಂತ ಊರೆಲ್ಲ ನಕ್ಕಿತಂತೆ. ನಗಲಿ ಬಿಡಿ. ಅವನು ಕೇಳುತ್ತಿದ್ದದ್ದು ಅಂಗೈಯಿಂದ. ಸ್ಪೀಕರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆ ಹಾಡು ಅವನ ಮೈಯೊಳಗೆ ಇಳಿಯುತ್ತಿತ್ತಂತೆ. ಗೋಡೆ ಮುಟ್ಟಿ, ನಾಲ್ಕು ಓಣಿ ಆಚೆ ಯಾರ ಮಗ್ಗದಲ್ಲಿ ಎಳೆ ಹರಿದಿದೆ ಅಂತ ಹೇಳುತ್ತಿದ್ದ ಅಂತಲೂ ಅನ್ನುತ್ತಾರೆ. ಅದು ಸ್ವಲ್ಪ ಅತಿಯಾಯಿತು. ಆದರೂ ಇರಲಿ.

ಅದೇ ಕಾಲಕ್ಕೆ ಊರಿನಲ್ಲಿ ಮೂವರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಹಾಡುವವಳು ಕಸ್ತೂರಿ, ಗಿಟಾರ್ ಹಿಡಿದವನು ದಾನಪ್ಪ, ಡ್ರಮ್ ಬಾರಿಸುವವನು ಮೈಬೂಬ. ಮೂವರೂ ಹಗಲೆಲ್ಲ ನೇಯುವವರೇ. ಬ್ಯಾಂಡಿಗೆ ತುಂಡುನೂಲು ಅಂತ ಹೆಸರಿಟ್ಟಿದ್ದರು. ಅವರು ಹಾಡುತ್ತಿದ್ದದ್ದು ಸಿನಿಮಾ ಹಾಡಲ್ಲ, ಭಜನೆಯಲ್ಲ, ಸೋಬಾನೆಯಲ್ಲ. ತಾವೇ ಬರೆದು ತಾವೇ ರಾಗ ಹಾಕಿದ್ದು. ಇದ್ಯಾವ ಸೀಮೆಯ ಹಾಡು ಅಂತ ಹಿರಿಯರು ಮೂಗು ಮುರಿದರಂತೆ.

ಹಾಡನ್ನು ಕ್ಯಾಸೆಟ್ಟಿಗೆ ಇಳಿಸಲು ಜಾಗ ಬೇಕಲ್ಲ? ಕಸ್ತೂರಿಯ ಅಪ್ಪನ ಮಗ್ಗದ ಮನೆಯೇ ಗತಿ. ಮಗ್ಗ ನಿಲ್ಲಿಸು ಅಂದರೆ ಆ ಮುದುಕ ನಿಲ್ಲಿಸಲಿಲ್ಲ. ಬೇಕಾದರೆ ಹಾಡಿಕೊಳ್ಳಿ, ಬೇಡವಾದರೆ ಕಂಡಿಕೆಗೆ ನೂಲು ಸುತ್ತಿ ಅಂದನಂತೆ. ಹೀಗಾಗಿ ಹಾಡಿನ ಮೊದಲಿನಿಂದ ಕೊನೆಯವರೆಗೂ ಹಿಂದೆ ಮಗ್ಗ ಖಟಕ್ ಖಟಕ್ ಅನ್ನುತ್ತಲೇ ಇತ್ತು. ಪಟ್ಟಣದ ರೇಡಿಯೋದವರಿಗೆ ಮೂರು ಸಲ ಕಳಿಸಿದರು. ಸಪ್ಪಳ ತೆಗೆದು ಕಳಿಸಿ ಅಂತ ಮೂರು ಸಲವೂ ವಾಪಸು ಬಂತು.

ಕೊನೆಗೆ ಕಸ್ತೂರಿ ಆ ಕ್ಯಾಸೆಟ್ಟನ್ನು ಮುರಿಗೆಪ್ಪನ ಮುಂದೆ ಇಟ್ಟಳು. ಅವನು ಹಾಡು ಹಾಕಿ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಮುಗಿದ ಮೇಲೂ ಕೈ ತೆಗೆಯಲಿಲ್ಲವಂತೆ. ಕಣ್ಣಲ್ಲಿ ನೀರು.

"ತಂಗೀ, ಇದ್ರಾಗ ಸಪ್ಪಳ ಎಲ್ಲೈತವ್ವ? ಇದು ನನ್ನ ಇಪ್ಪತ್ತೈದು ವರ್ಷ ಐತಿ" ಅಂದನಂತೆ.

ಅವತ್ತಿನಿಂದ ದಿನಾ ಬೆಳಿಗ್ಗೆ ಹನ್ನೊಂದು ಗಂಟೆಗೆ ತುಂಡುನೂಲಿನ ಹಾಡು. ಹಿಡಿಸಿದರೆ ಒಂದು ಪತ್ರ ಬರೆಯಿರಿ ಅಂತ ಬೆಣ್ಣೆಯಂಥ ದನಿಯಲ್ಲಿ ಕೇಳಿಕೊಳ್ಳುವನು. ಒಂದು ತಿಂಗಳಾಯಿತು, ಎರಡಾಯಿತು, ನಾಲ್ಕಾಯಿತು. ಒಂದೇ ಒಂದು ಪತ್ರ ಬರಲಿಲ್ಲ. ಸಂಘದ ಹಿರಿಯರು ಅವನನ್ನು ಕರೆದು, ಯುಗಾದಿ ಅಮಾವಾಸ್ಯೆಯವರೆಗೆ ನೋಡುತ್ತೇವೆ, ಊರಿನವರ ಕಡೆಯಿಂದ ಏನೂ ಬರದಿದ್ದರೆ ಆ ಹೊತ್ತಿಗೂ ಸಿನಿಮಾ ಹಾಡು ಹಾಕು ಅಂದರು. ಅದು ಕಸ್ತೂರಿಯ ಕಿವಿಗೂ ಬಿತ್ತು. ನಮ್ಮ ಊರಿಗೇ ಬೇಡವಾದ ಮೇಲೆ ಇನ್ಯಾರಿಗೆ ಹಾಡಲಿ, ಯುಗಾದಿಗೆ ಬ್ಯಾಂಡ್ ಮುಚ್ಚುತ್ತೇವೆ ಅಂದುಬಿಟ್ಟಳು. ದಾನಪ್ಪ ಗಿಟಾರಿಗೆ ಚೀಲ ಹೊಲಿಸಿದ. ಗಿಟಾರ್ ಎರವಲು ತಂದದ್ದು, ಕೊಟ್ಟವರಿಗೆ ತಿರುಗಿ ಒಪ್ಪಿಸಬೇಕಲ್ಲ.

ಮುರಿಗೆಪ್ಪನಿಗೆ ಊಟ ಸೇರಲಿಲ್ಲ. ಅಮಾವಾಸ್ಯೆಗೆ ಎಂಟು ದಿನ ಇರುವಾಗ, ಹನ್ನೊಂದಕ್ಕೆ ಕ್ಯಾಸೆಟ್ ಹಾಕಿ, ಅದು ಓಡುತ್ತಿರುವಾಗಲೇ ಮಾಳಿಗೆ ಇಳಿದು ಪಕ್ಕದ ಮಗ್ಗದ ಮನೆಗೆ ಹೋದ. ಅದು ನಮ್ಮವ್ವನ ಮಗ್ಗದ ಮನೆ. ಅವಳ ತಲೆಯ ಮೇಲೆ, ಗೂಟಕ್ಕೆ ತೂಗಿಹಾಕಿದ ಸೆಲ್ಲಿನ ರೇಡಿಯೋ. ಹಾಡು ಹೇಗಿದೆ ಅಂತ ಇವನು ಕೈಸನ್ನೆ ಮಾಡಿದ. ಯಾವ ಹಾಡು ಅಂತ ನಮ್ಮವ್ವ ತಿರುಗಿ ಕೈಸನ್ನೆ ಮಾಡಿದಳು.

ಮುರಿಗೆಪ್ಪ ರೇಡಿಯೋದ ಮೇಲೆ ಅಂಗೈ ಇಟ್ಟ. ಹಾಡು ಬರುತ್ತಿತ್ತು, ಪೆಟ್ಟಿಗೆ ನಡುಗುತ್ತಿತ್ತು. ಅದರ ಕೆಳಗೇ ನಿಂತವಳಿಗೆ ಮಾತ್ರ ಕೇಳುತ್ತಿರಲಿಲ್ಲ. ಸಿನಿಮಾ ಹಾಡಾದರೆ ಎಲ್ಲರಿಗೂ ಬಾಯಿಪಾಠ, ಒಂದು ಸಾಲು ಕಿವಿಗೆ ಬಿದ್ದರೆ ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಹೊಸ ಹಾಡನ್ನು ಯಾರು ತುಂಬಿಕೊಳ್ಳಬೇಕು? ಇದೇನು ದೊಡ್ಡ ಗುಟ್ಟೇ ಅಂತ ನೀವು ಕೇಳಬಹುದು. ಹುಟ್ಟಿದಾಗಿನಿಂದ ಮಗ್ಗದ ನಡುವೆ ಇದ್ದವರಿಗೆ ಅದೊಂದು ಸಪ್ಪಳ ಅಂತಲೇ ಅನಿಸುವುದಿಲ್ಲ ನೋಡಿ. ಅವನಿಗೂ ಹೊಳೆಯಲಿಲ್ಲ, ಊರಿಗೂ ಹೊಳೆಯಲಿಲ್ಲ.

ಅವನು ಹಾಗೇ ನಿಂತಿರುವಾಗ ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಬಾವಿಯ ಹತ್ತಿರ ಯಾರೋ ಕೊಡ ಇಳಿಸಿದ್ದೂ ಕೇಳಿಸಿತು. ರೇಡಿಯೋ ಮಾತ್ರ ಬರೀ ಸುಂಯ್ ಅನ್ನುತ್ತಿತ್ತು. ಕರೆಂಟು ಹೋದರೆ ಕೇಂದ್ರವೂ ಬಂದ್ ಅಲ್ಲವೇ? ದೀಪ ಹಚ್ಚುವ ಹೊತ್ತಿಗಂತೂ ಸಂಘದವರು ಕೇಂದ್ರಕ್ಕೆ ಬೀಗವನ್ನೇ ಹಾಕುತ್ತಿದ್ದರು. ಊರಿಗೆ ಕಿವಿ ಬರುವ ಹೊತ್ತಿಗೆ ರೇಡಿಯೋಕ್ಕೆ ಬಾಯಿ ಹೋಗುತ್ತಿತ್ತು. ಮುರಿಗೆಪ್ಪ ನಮ್ಮವ್ವನ ಮುಖ ನೋಡಿ ಜೋರಾಗಿ ನಕ್ಕನಂತೆ. ಇವನಿಗೆ ಕಿವಿಯ ಜೊತೆ ತಲೆಯೂ ಹೋಯಿತು ಅಂದುಕೊಂಡಳು ಅವಳು.

ಅವತ್ತೇ ಹೋಗಿ ಒಂದು ಹಳೇ ಲಾರಿಯ ಬ್ಯಾಟರಿ ಕೇಳಿ ತಂದು, ಹೆಗಲ ಮೇಲೆ ಹೊತ್ತು ಮಾಳಿಗೆ ಹತ್ತಿದ. ಕೆಲವರು ಎರಡು ಬ್ಯಾಟರಿ ಅನ್ನುತ್ತಾರೆ, ಹೆಗಲಿಗೆ ಒಂದೊಂದು. ನಾನು ಸಾಯುವಷ್ಟರಲ್ಲಿ ಅದು ನಾಲ್ಕಾಗುತ್ತದೆ, ಬರೆದಿಟ್ಟುಕೊಳ್ಳಿ. ಬ್ಯಾಟರಿಗೆ ತಂತಿ ಜೋಡಿಸಿ, ಕ್ಯಾಸೆಟ್ ತುರುಕಿ, ಕರೆಂಟು ಯಾವಾಗ ಹೋಗುತ್ತದೆ ಅಂತ ಕಾಯುತ್ತ ಕೂತ.

ಕರೆಂಟು ಹೋಗಲೇ ಇಲ್ಲ! ದಿನಕ್ಕೆ ಎರಡು ಸಲ ಕೈಕೊಡುತ್ತಿದ್ದ ಕರೆಂಟು, ಹಬ್ಬ ಬಂತು ಅಂತಲೋ ಏನೋ, ಏಳು ದಿನ ಕಣ್ಣು ಕೂಡ ಮಿಟುಕಿಸಲಿಲ್ಲ. ಊರೆಲ್ಲ ಖುಷಿಯಾಗಿ ಹಬ್ಬದ ಸೀರೆ ನೇಯ್ದಿತು. ಮುರಿಗೆಪ್ಪ ಒಬ್ಬನೇ ಕರೆಂಟಿಗೆ ಶಾಪ ಹಾಕಿದ, ಅದೂ ಹೋಗಲಿಲ್ಲ ಅಂತ. ಅಂಥ ಮನುಷ್ಯನನ್ನು ಈ ಊರು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಎಂಟನೇ ದಿನ ಅಮಾವಾಸ್ಯೆ. ಮಧ್ಯಾಹ್ನ ಊಟದ ಹೊತ್ತು ಕಳೆಯಿತು, ಮೂರು ಗಂಟೆಯೂ ಆಯಿತು. ಮೂರೂವರೆಗೆ ಕರೆಂಟು ಹೋಯಿತು.

ಮಗ್ಗಗಳೆಲ್ಲ ನಿಂತವು. ಆಮೇಲೆ ಎಲ್ಲೋ ಒಂದು ಮಗ್ಗ ಖಟಕ್ ಖಟಕ್ ಅನ್ನತೊಡಗಿತು. ಜನ ಹೌಹಾರಿದರು. ಕರೆಂಟಿಲ್ಲದೆ ಯಾರ ಮಗ್ಗ ನಡೆಯುತ್ತಿದೆ? ಗಂಡಸರು ಹೆಂಗಸರು ಬೀದಿಗೆ ಬಂದು ಒಬ್ಬರ ಮನೆಯಲ್ಲಿ ಒಬ್ಬರು ಇಣುಕಿದರಂತೆ. ನಮ್ಮವ್ವನೇ ಮೊದಲು ಕಂಡುಹಿಡಿದಳು ಅಂತ ಅವಳೇ ಹೇಳುತ್ತಿದ್ದಳು.

"ಮಗ್ಗ ಅಲ್ರೇ, ರೇಡಿಯೋ ಅದ! ಒಳಗ ಬರ್ರಿ!"

ಅಷ್ಟರಲ್ಲಿ ಆ ಖಟಕ್ ಖಟಕಿನ ಮೇಲೆ ಕಸ್ತೂರಿಯ ದನಿ ಎದ್ದಿತು.

ಹರಿದ ಎಳೆಯ ಹಿಡಿದು ನಿಂತೆ
ಇನ್ನೊಂದು ತುದಿ ಯಾವ ಓಣಿಯಲ್ಲಿ?

ನಾಲ್ಕು ತಿಂಗಳು ತಲೆಯ ಮೇಲೇ ಇದ್ದ ಹಾಡನ್ನು ಊರು ಅವತ್ತು ಕೇಳಿತು. ಕಸ್ತೂರಿಯ ಅಪ್ಪ, ಮಗ್ಗ ನಿಲ್ಲಿಸದ ಆ ಮುದುಕ, ಅದು ನನ್ನ ಮಗ್ಗ, ಅದು ನನ್ನ ಮಗ್ಗ ಅಂತ ಸಿಕ್ಕವರಿಗೆಲ್ಲ ಹೇಳುತ್ತ ಅತ್ತನಂತೆ.

ಹಾಡು ಅರ್ಧ ಆಗಿತ್ತು. ಕರೆಂಟು ಬಂದುಬಿಟ್ಟಿತು.

ಮರುದಿನ ಹಬ್ಬ, ಮುಗಿಸಬೇಕಾದ ಸೀರೆ ಎಲ್ಲರ ಮಗ್ಗದ ಮೇಲೂ ಇತ್ತು. ಕರೆಂಟು ಬಂದರೆ ಕೈ ತಾನಾಗಿಯೇ ಮೋಟಾರಿನ ಬಟನ್ನಿಗೆ ಹೋಗುವ ಜನ ನಾವು. ನಮ್ಮವ್ವನ ಕೈಯೂ ಹೋಗಿತ್ತು. ಬಟನ್ನಿನ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಅವಳ ಮನೆಯಲ್ಲಿ ಒತ್ತಲಿಲ್ಲ, ಆಚೆ ಮನೆಯಲ್ಲೂ ಒತ್ತಲಿಲ್ಲ. ಇಡೀ ದಾರಗೇರಿಯಲ್ಲಿ ಯಾರೂ ಒತ್ತಲಿಲ್ಲ ಅಂತಾರೆ. ಮಾಳಿಗೆಯ ಮೇಲೆ ಮುರಿಗೆಪ್ಪ ದೀಪ ಹತ್ತಿದ್ದು ನೋಡಿ, ಮುಗಿಯಿತು ಅಂತ ಕಣ್ಣು ಮುಚ್ಚಿದ್ದನಂತೆ. ಮಗ್ಗ ಶುರುವಾದರೆ ಗೋಡೆ ನಡುಗಬೇಕಲ್ಲ, ಅದಕ್ಕೇ ಗೋಡೆಗೆ ಅಂಗೈ ಇಟ್ಟ. ಗೋಡೆ ಸುಮ್ಮನಿತ್ತು. ಹಾಡು ಮುಗಿಯುವ ತನಕ ಸುಮ್ಮನೇ ಇತ್ತು.

ಪತ್ರ ಬರೆಯಲು ಎಷ್ಟು ಜನಕ್ಕೆ ಅಕ್ಷರ ಬರುತ್ತಿತ್ತು? ಸಂಜೆ ಒಬ್ಬೊಬ್ಬರೇ ತಮ್ಮ ಮಗ್ಗದ ಒಂದು ತುಂಡುನೂಲು ತಂದು ಕೇಂದ್ರದ ಮೆಟ್ಟಿಲಿನ ಕಂಬಿಗೆ ಕಟ್ಟಿ ಹೋದರು. ಸಂಘದ ಹಿರಿಯರು ಬಂದು ನೋಡಿದರೆ ಕಂಬಿಯೇ ಕಾಣುತ್ತಿರಲಿಲ್ಲವಂತೆ.

"ಓದಿಕೊಳ್ರಿ" ಅಂದನಂತೆ ಮುರಿಗೆಪ್ಪ.

ದಾನಪ್ಪ ಹೊಲಿಸಿದ ಚೀಲ ಗಿಟಾರನ್ನು ಊರೂರಿಗೆ ಒಯ್ಯಲು ಬಳಕೆಗೆ ಬಂತು. ಎಲ್ಲಿ ಹಾಡಿದರೂ ಮಗ್ಗದ ಸಪ್ಪಳ ಇಲ್ಲದೆ ಕಸ್ತೂರಿ ಬಾಯಿ ತೆರೆಯುತ್ತಿರಲಿಲ್ಲ. ಮುರಿಗೆಪ್ಪನ ಇನ್ನೊಂದು ಕಿವಿಯೂ ಹೋಯಿತು. ಕೊನೆಗೆ ಅವನು ಹಾಸಿಗೆ ಹಿಡಿದಾಗ ಕಸ್ತೂರಿ ಬಂದು ಅವನ ಅಂಗೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ಪೂರ್ತಿ ಹಾಡು ಹಾಡಿದಳಂತೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಅಳು ಬರುತ್ತದೆ, ಬರಲಿ.

ಆ ಕೇಂದ್ರ ಈಗಿಲ್ಲ, ಬ್ಯಾಟರಿಯೂ ಇಲ್ಲ. ಆದರೂ ಕರೆಂಟು ಹೋದರೆ ಯಾವುದಾದರೂ ಮನೆಯಿಂದ ಯಾರಾದರೂ ಆ ಹಾಡು ಎತ್ತಿಕೊಳ್ಳುತ್ತಾರೆ. ಅಗೋ, ಆಚೆ ಓಣಿಯಲ್ಲಿ ಶುರುವಾಯಿತು, ಕೇಳಿ. ಹೊಸದಾಗಿ ಬಂದ ಸೊಸೆಯಿರಬೇಕು, ದನಿ ಚೆನ್ನಾಗಿದೆ.

ಏಯ್, ದೀಪ ಹತ್ತಿತು. ಬಟನ್ನಿಂದ ಕೈ ತೆಗಿ. ಅವಳು ಇನ್ನೂ ಒಂದು ನುಡಿ ಹಾಡಬೇಕು.