ಕಿವಿ ಯಾರದು, ಕರು ಯಾರದು

೨೦೧೬ರ ಫೆಬ್ರವರಿ ಒಂಬತ್ತರ ನನ್ನ ದಿನಚರಿಯಲ್ಲಿ ಹೀಗಿದೆ: ನಮ್ಮ ಉದ್ದ ಕಿವಿಯ ಗಿರ್ ತಳಿಯ ಹಸುವಿನಿಂದ ತೆಗೆದು ನೈಟ್ರೋಜನ್ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿ ಕಾಪಿಟ್ಟಿದ್ದ ಭ್ರೂಣವನ್ನು ಡಾಕ್ಟರು ಇಂದು ನಾಟಿ ಹಸು ಕೆಂಪಿಯ ಗರ್ಭಕ್ಕೆ ಸೇರಿಸಿದರು.

ನವೆಂಬರಿನಲ್ಲಿ ಕರು ಹುಟ್ಟಿದ ಕೂಡಲೇ ಗಿರ್ ಹಸು ಗೋದಲಿಯಿಂದ ತಲೆಯೆತ್ತಿತು. "ಆ ಉದ್ದ ಕಿವಿ ನೋಡೇ, ಕೆಂಪಿ. ಕರು ನನ್ನದು. ನೀನು ಬರೀ ಬಾಡಿಗೆ ಮನೆ."

ಕೆಂಪಿ ಹೇಳಿತು, "ಆಗಲಿ ಅಕ್ಕ, ಕರೆದುಕೊಂಡು ಹೋಗು. ಮೈ ಒದ್ದೆಯಾಗಿದೆ, ಮೊದಲು ನೆಕ್ಕಿ ಒಣಗಿಸು."

"ಛೀ! ನಾಳೆ ದನಗಳ ಪ್ರದರ್ಶನದಲ್ಲಿ ನಿಲ್ಲುವವಳು ನಾನು. ಮೂತಿ ಕೊಳೆಯಾದೀತು."

"ಹಾಗಾದರೆ ಕಿವಿ ನಿನ್ನದೇ ಇರಲಿ. ಮಿಕ್ಕ ಕರು ನನ್ನದು."

ಬಿ.ಎಸ್ಸಿ. ಓದಿ ತಳಿಯ ಲೆಕ್ಕ ಬಲ್ಲ ನಾನು ಕರುವನ್ನು ಗಿರ್ ಹಸುವಿನ ಪಕ್ಕದಲ್ಲಿ ಕಟ್ಟಲು ಹೋದೆ. ಕೆಂಪಿ ಒಂದೇ ಒಂದು ಒದೆತ ಕೊಟ್ಟಿತು. ಖರ್ಚಾದದ್ದು ನನ್ನ ಹೊಸ ಕನ್ನಡಕ.