ಗೂಟದ ಮೇಲಿನ ಅಂಗಿ

ಜೀವಿಗಳ ಹಸಿವನ್ನು ಅವುಗಳಿಗಿಂತ ಮೊದಲೇ ಅರಿಯುವ ಪರಮಾತ್ಮನಿಗೆ ಮೊದಲ ನಮಸ್ಕಾರ.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆಯೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಆದರೂ ಪೂಜೆ ಮುಗಿಯದೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಕೈ ನಡುಗಿದರೂ ಹಾಕುವುದಿಲ್ಲ. ಇಂಥ ಭಕ್ತಿಗೆ ಫಲವೇನು?"

ಅವನ ದನಿಯಲ್ಲಿ ಹೆಮ್ಮೆಯಿತ್ತು. ಗುರುಗಳು ಜಪಮಾಲೆ ಕೆಳಗಿಟ್ಟು ಹೇಳತೊಡಗಿದರು.

ಒಂದು ದೇವಸ್ಥಾನದಲ್ಲಿ ಒಬ್ಬ ಅಡುಗೆಯವನಿದ್ದ. ಮೂವತ್ತು ವರ್ಷ ನೈವೇದ್ಯ ಬೇಯಿಸಿದವನು. ದೇವರಿಗಿಂತ ಮೊದಲು ಒಂದು ಅಗುಳನ್ನೂ ನಾಲಿಗೆಗೆ ಸೋಕಿಸಿದವನಲ್ಲ. ರುಚಿ ಹದವಾಯಿತೋ ಇಲ್ಲವೋ ಎಂಬುದು ಅವನಿಗೆ ಕುದಿಯುವ ಸದ್ದಿನಲ್ಲೇ ತಿಳಿಯುತ್ತದೆ ಎಂದು ಊರು ಹೊಗಳುತ್ತಿತ್ತು. ಆ ಹೊಗಳಿಕೆ ಅವನಿಗೆ ಹಿತವಾಗಿತ್ತು.

ನಡುವಯಸ್ಸಿನಲ್ಲಿ ಅವನಿಗೂ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಇನ್ಸುಲಿನ್ ಕೊಟ್ಟು ಒಂದು ಮಾತು ಒತ್ತಿ ಹೇಳಿದರು: "ಕೈ ನಡುಗಿ ತಣ್ಣಗೆ ಬೆವರಿದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ತಿಳಿಯಿರಿ. ಆಗ ಯಾವುದಕ್ಕೂ ಕಾಯಬೇಡಿ. ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಕೂತುಕೊಳ್ಳಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಮೂರು ಚಮಚ. ಆಮೇಲೆ ಊಟ ಮಾಡಿ."

ಅಂದಿನಿಂದ ಹೆಂಡತಿ ದಿನವೂ ಅವನ ಅಂಗಿಯ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಡುತ್ತಿದ್ದಳು. ಅವನೋ, ಪಾಕಶಾಲೆಯ ಹೊರಗಿನ ಗೂಟಕ್ಕೆ ಅಂಗಿ ತೂಗುಹಾಕಿ, ಮಿಂದು, ಮಡಿಪಂಚೆ ಉಟ್ಟು ಒಳಗೆ ಹೋಗುತ್ತಿದ್ದ.

"ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಂದ್ರೆ ಕೇಳಲ್ಲ. ಸಕ್ಕರೆ ಕಾಯಿಲೆ ನಿಮಗೋ, ಅಂಗಿಗೋ?" ಎಂದು ಅವಳು ಛೇಡಿಸುವಳು.

"ಮಡಿಯಲ್ಲಿ ಹೊರಗಿನ ಪೊಟ್ಟಣವೇ? ಸುಮ್ಮನಿರು ಮಾರಾಯ್ತಿ," ಎಂದು ಅವನು ನಗುವನು.

ಒಂದು ದಿನ ಅಭಿಷೇಕ ತಡವಾಯಿತು. ಸೂಜಿ ಚುಚ್ಚಿಕೊಂಡು ಬಂದಿದ್ದ ಅಡುಗೆಯವನು ಖಾಲಿ ಹೊಟ್ಟೆಯಲ್ಲಿ ಸಿಹಿ ಹುಗ್ಗಿ ತಿರುವುತ್ತಿದ್ದ. ಸೌಟು ಹಿಡಿದ ಕೈ ನಡುಗಿತು. ಬೆನ್ನ ಮೇಲೆ ತಣ್ಣನೆಯ ಬೆವರು ಇಳಿಯಿತು. ಎದುರಿಗೇ ಬೆಲ್ಲದ ಬುಟ್ಟಿ ಇತ್ತು.

ಬಾವಿಯಿಂದ ನೀರು ತಂದ ಪರಿಚಾರಕ ಬೆಚ್ಚಿದ. "ಅಯ್ಯೋ ಭಟ್ರೇ, ಮುಖ ಸುಣ್ಣ ಆಗಿದೆ! ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ಳಿ."

"ದೇವರ ಬೆಲ್ಲ ಎಂಜಲು ಮಾಡ್ಲೇನೋ?"

"ಹಾಗಾದ್ರೆ ಅಂಗೀಲಿರೋದು ತರ್ತೀನಿ."

"ಅದನ್ನ ಮುಟ್ಟಿದ್ರೆ ಮತ್ತೆ ಮೀಯಬೇಕು. ನೈವೇದ್ಯದ ಗಂಟೆ ಹೊಡೆಯೋವರೆಗೆ ತಾನೇ? ಮೂವತ್ತು ವರ್ಷ ತಡ್ಕೊಂಡೋನು ನಾನು."

ಗಂಟೆ ಹೊಡೆಯಲಿಲ್ಲ. ಅಡುಗೆಯವನಿಗೆ ಬುದ್ಧಿ ಮಸುಕಾಯಿತು. ಬೆಲ್ಲ ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಕೈಗೆ ಸಿಕ್ಕಿದ ಮರಿಗೆಯಿಂದ ಹಿಡಿ ಹಿಡಿಯಾಗಿ ಸುರಿದ. ಅದು ಉಪ್ಪಿನ ಮರಿಗೆ. ಬಳಿಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ನೈವೇದ್ಯ ಒಯ್ಯಲು ಅರ್ಚಕರು ಬಂದರು. "ಧ್ಯಾನದಲ್ಲಿದ್ದಾರೆ, ಎಬ್ಬಿಸಬೇಡ," ಎಂದು ಪಿಸುಗುಟ್ಟಿ, ಅವನಿಗೆ ಕೈಮುಗಿದು, ಪಾತ್ರೆ ಎತ್ತಿಕೊಂಡು ಹೋದರು. ದೊಡ್ಡವರೇ ಹೇಳಿದ ಮೇಲೆ ಪರಿಚಾರಕನೂ ಕೈಮುಗಿದ.

ಗಂಟೆ ಹೊಡೆಯಿತು. ದೇವರ ಮುಂದೆ ಉಪ್ಪು ಹುಗ್ಗಿ ಎಡೆಯಾಯಿತು. ಪ್ರಸಾದ ಬಾಯಿಗಿಟ್ಟ ಜನ ಉಗುಳಿ, ಬೈಯುತ್ತ ಪಾಕಶಾಲೆಗೆ ಬಂದರು. ಅಡುಗೆಯವನು ಏಳಲಿಲ್ಲ. ಆಸ್ಪತ್ರೆಗೆ ಹೊತ್ತರು. ಅಲ್ಲಿಯೂ ಏಳಲಿಲ್ಲ. ಮೂರನೆಯ ದಿನ ಉಸಿರು ನಿಂತಿತು.

ಕರ್ಮಾಂತರವೆಲ್ಲ ಮುಗಿದ ಮೇಲೆ ಹೆಂಡತಿ ಅಂಗಿ ಒಯ್ಯಲು ಬಂದಳು. ಯಾರೂ ಮುಟ್ಟದೆ ಅದು ಗೂಟದಲ್ಲೇ ಇತ್ತು. ನೆಲದಿಂದ ಜೇಬಿನವರೆಗೆ ಇರುವೆ ಸಾಲುಗಟ್ಟಿತ್ತು. ಪೊಟ್ಟಣ ಅರ್ಧ ಬರಿದಾಗಿತ್ತು. ನೆರೆದವರನ್ನು ನೋಡಿ ಅವಳು ಇಷ್ಟೇ ಕೇಳಿದಳು: "ಇರುವೆಗೂ ಮುಟ್ಟಕ್ಕೆ ಗೊತ್ತಾಯ್ತು. ನಿಮ್ಮಲ್ಲಿ ಒಬ್ಬರಾದ್ರೂ ಮೈಲಿಗೆ ಆಗಬಾರದಿತ್ತಾ?"

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಆದರೂ ಅವನು ದೇವರ ಸೇವೆಯಲ್ಲೇ ಕಣ್ಣು ಮುಚ್ಚಿದ. ಪುಣ್ಯವಂತನಲ್ಲವೇ ಗುರುಗಳೇ?" ಎಂದ.

"ನಿನ್ನ ತಾಯಿಯ ಸಕ್ಕರೆ ಯಾವ ಗೂಟದಲ್ಲಿ ತೂಗುತ್ತಿದೆ, ಮಗು?" ಎಂದರು ಗುರುಗಳು.

ಶಿಷ್ಯ ಎದ್ದು ಮನೆಯತ್ತ ನಡೆದ.

ಇದನ್ನು ಕೇಳಿದ ಎಲ್ಲರ ಕೈಗೆಟುಕುವಲ್ಲಿ ಒಂದು ಹಿಡಿ ಸಿಹಿ ಇರಲಿ, ಅದನ್ನು ಬಾಯಿಗಿಡುವ ಬುದ್ಧಿಯನ್ನು ಭಗವಂತನೇ ಕೊಡಲಿ.