ರೆಪ್ಪೆಕೂದಲು ಕಂಡ ಮಕ್ಕಳು

ದೂರದರ್ಶಕವೂ ಸೂಕ್ಷ್ಮದರ್ಶಕವೂ ಮಾತಾಡಿದ್ದನ್ನು ಕಿವಿಯಾರೆ ಕೇಳಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಎರಡೂ ಒಂದೇ ವಿಶ್ವವಿದ್ಯಾಲಯದವು. ವಿಭಾಗ ಬೇರೆಯಾದ್ದರಿಂದ ಶಾಲೆಶಾಲೆಗೆ ವಿಜ್ಞಾನ ತೋರಿಸುತ್ತ ಒಂಟಿಯಾಗಿ ತಿರುಗುತ್ತಿದ್ದವು. ಒಂದು ಸಂಜೆ ಶಾಲೆಯೊಂದರ ಜಗಲಿಯಲ್ಲಿ ಎದುರಾದವು.

“ಅಣ್ಣಾ, ನನ್ನೊಳಗೆ ಇಣುಕಿದ ಮಕ್ಕಳಿಗೆ ತಮ್ಮ ರೆಪ್ಪೆಕೂದಲೇ ಕಾಣುತ್ತದೆ. ಮೇಷ್ಟ್ರಿಗೆ ಹೆದರಿ ‘ಈರುಳ್ಳಿ ಸಿಪ್ಪೆ ಕಂಡಿತು’ ಅಂತಾರೆ. ಏನು ಮಾಡಲಿ?” ಎಂದಿತು ಸೂಕ್ಷ್ಮದರ್ಶಕ.

“ಶನಿಯ ಬಳೆ ತೋರಿಸುವವನು ನಾನು!” ಎಂದು ಬೀಗಿದ ದೂರದರ್ಶಕ ಮೆತ್ತಗಾಯಿತು. “ನನ್ನಲ್ಲೂ ಅದೇ ಗೋಳು ಕಣೋ. ಕಂಡದ್ದರ ಚಿತ್ರ ಬರೆಸು. ರೆಪ್ಪೆ ಬರೆದವರಿಗೆ ಬೈಯದೆ ಮತ್ತೆ ತೋರಿಸು. ಇಷ್ಟು ವರ್ಷ ಎಲ್ಲಿದ್ದೆಯೋ?”

“ನಿಮ್ಮ ಪಕ್ಕದ ಕಟ್ಟಡದಲ್ಲೇ.”

ಅಷ್ಟರಲ್ಲಿ ಎರಡು ಜೀಪು ಬಂದು ನಿಂತವು. ಪೆಟ್ಟಿಗೆಯ ಮುಚ್ಚಳ ಬೀಳುವವರೆಗೂ ಸೂಕ್ಷ್ಮದರ್ಶಕ ಕೂಗುತ್ತಲೇ ಇತ್ತು: “ಅಣ್ಣಾ, ನಾಳೆ ನಿಮ್ಮದು ಯಾವ ಶಾಲೆ?”